ಅಗ್ನಿಶಾಮಕ ಸಿಬ್ಬಂದಿಯ ಕ್ಯಾನ್ಸರ್ ಅಧ್ಯಯನಕ್ಕೆ ಹೆಸರು ಕೊಡುವ ಮುಂಚೆ: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ಬೆಂಕಿ ಆರಿಸುವವರಿಗೆ ಕೆಲಸದಿಂದ ಬರುವ ಕ್ಯಾನ್ಸರ್ ಬಗ್ಗೆ ಅಧ್ಯಯನ ನಡೆಯುತ್ತಿದೆ, ಸ್ವಯಂಸೇವಕರು ಬೇಕು ಅಂತ ಸ್ಟೇಷನ್‌ಗೆ ಪತ್ರ ಬಂದಿದೆ. ರಕ್ತ, ಮೂತ್ರ ಕೊಡಬೇಕಂತೆ, ಉದ್ದನೆಯ ಪ್ರಶ್ನಾವಳಿ ತುಂಬಬೇಕಂತೆ, ಮುಂದೆ ವರ್ಷಗಟ್ಟಲೆ ಸಂಪರ್ಕದಲ್ಲಿರಬೇಕಂತೆ. ನನಗೆ ಯಾವ ಕಾಯಿಲೆಯೂ ಇಲ್ಲ. ಗಟ್ಟಿಮುಟ್ಟಾಗಿರುವವನ ರಕ್ತದಲ್ಲಿ ಇವರು ಏನು ಹುಡುಕುತ್ತಾರೆ?

ಉತ್ತರ (ಔದ್ಯೋಗಿಕ ಆರೋಗ್ಯ ವೈದ್ಯೆ): ಗಟ್ಟಿಮುಟ್ಟಾಗಿರುವವರೇ ಬೇಕು ಸರ್. ಕ್ಯಾನ್ಸರ್ ಬಂದ ಮೇಲೆ ತೆಗೆದ ರಕ್ತದಲ್ಲಿ ಏನಾದರೂ ಬದಲಾವಣೆ ಕಂಡರೆ, ಅದು ಕಾಯಿಲೆಗೆ ಮುಂಚಿನದ್ದೋ ಕಾಯಿಲೆಯಿಂದ ಆದದ್ದೋ ಹೇಳಲು ಬರುವುದಿಲ್ಲ. ಈಗ ತೆಗೆದು ಮೈನಸ್ 80 ಡಿಗ್ರಿಯಲ್ಲಿ ಇಟ್ಟರೆ, 15 ವರ್ಷದ ನಂತರ ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ಎಂದು ನೋಡಿ ಹಳೆಯ ಟ್ಯೂಬ್‌ಗಳನ್ನು ಹೊರಗೆ ತೆಗೆದು ಹೋಲಿಸಬಹುದು. ಕಾಯಿಲೆಯಾದವರೇ ಹೆಚ್ಚಾಗಿ ಸೇರಿದರೆ ಅಪಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಲೆಕ್ಕ ಕೆಡುತ್ತದೆ.

ಇನ್ನೊಂದು ತೊಡಕಿದೆ. ಫಿಟ್‌ನೆಸ್ ಪರೀಕ್ಷೆ ಪಾಸಾದವರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುವುದು. ಅವರನ್ನು ಊರಿನ ಸಾಮಾನ್ಯ ಜನರ ಜೊತೆ ಹೋಲಿಸಿದರೆ ನಿಜವಾದ ಅಪಾಯವೂ ಮುಚ್ಚಿಹೋಗಬಹುದು. ಅದಕ್ಕೇ ಒಳ್ಳೆಯ ಅಧ್ಯಯನದಲ್ಲಿ ಹೆಚ್ಚು ಬೆಂಕಿಗೆ ಹೋದವರನ್ನು ಕಡಿಮೆ ಹೋದವರ ಜೊತೆ ಹೋಲಿಸುತ್ತಾರೆ. "ನಾನು ಕಂಟ್ರೋಲ್ ರೂಮಿನಲ್ಲಿ ಇರೋದು, ನನ್ನದೇನು ಪ್ರಯೋಜನ" ಅನ್ನುವವರೂ ಬೇಕಾಗುವುದು ಇಲ್ಲಿಯೇ.

ಅಪಾಯ ಇದೆಯೋ ಇಲ್ಲವೋ ಎಂಬ ಚರ್ಚೆ ಬಹುಮಟ್ಟಿಗೆ ಮುಗಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಗುಂಪು 1ಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬ ಪಟ್ಟಿಗೆ ಸೇರಿಸಿತು. ಮೆಸೊಥೆಲಿಯೋಮ (ಶ್ವಾಸಕೋಶ ಮುಂತಾದ ಅಂಗಗಳನ್ನು ಸುತ್ತಿದ ಪೊರೆಯ ಕ್ಯಾನ್ಸರ್) ಮತ್ತು ಮೂತ್ರಕೋಶದ ಕ್ಯಾನ್ಸರ್‌ಗೆ ಸಾಕಷ್ಟು ಪುರಾವೆ ಸಿಕ್ಕಿದೆ. ದೊಡ್ಡ ಕರುಳು, ಪ್ರಾಸ್ಟೇಟ್, ವೃಷಣ, ಚರ್ಮದ ಮೆಲನೋಮ, ನಾನ್ ಹಾಜ್ಕಿನ್ ಲಿಂಫೋಮ (ಒಂದು ಬಗೆಯ ದುಗ್ಧಗ್ರಂಥಿ ಕ್ಯಾನ್ಸರ್), ಇವುಗಳಿಗೆ ಇರುವುದು ಸೀಮಿತ ಪುರಾವೆ. ಆ "ಸೀಮಿತ" ಅನ್ನುವುದು ಅತ್ತ ಅಥವಾ ಇತ್ತ ಸರಿಯಬೇಕಾದರೆ ನಿಮ್ಮಂಥವರು ಸೇರಬೇಕು. ಮಹಿಳಾ ಸಿಬ್ಬಂದಿಯ ಮಾಹಿತಿಯಂತೂ ತೀರಾ ಕಡಿಮೆ.

ಪ್ರಶ್ನೆ: ಪ್ರಶ್ನಾವಳಿಯಲ್ಲಿ ಎಷ್ಟು ಕಾಲ್ (ಬೆಂಕಿ ಕರೆ), ಎಂಥ ಬೆಂಕಿ, ಎಷ್ಟು ಹೊತ್ತು ಅಂತ ಕೇಳಿದ್ದಾರೆ. 14 ವರ್ಷದ್ದು ಯಾರಿಗೆ ನೆನಪಿರುತ್ತೆ ಮೇಡಂ? ಅಂದಾಜಿಗೆ ಬರೆದರೆ ನಡೆಯುತ್ತಾ?

ಉತ್ತರ (ಅದೇ ವೈದ್ಯೆ): ನಡೆಯುತ್ತದೆ, ಆದರೆ ಅಂದಾಜಿಗೊಂದು ಆಧಾರ ಇರಲಿ. ರಕ್ತವನ್ನು ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದು, ನೀವು ಏನೇನಕ್ಕೆ ಮೈಯೊಡ್ಡಿದ್ದೀರಿ ಎಂಬುದು ನಿಮ್ಮ ಹತ್ತಿರ ಬಿಟ್ಟು ಬೇರೆಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಕೂರುವ ಮುಂಚೆ ಯಾವ ಸ್ಟೇಷನ್, ಎಲ್ಲಿಂದ ಎಲ್ಲಿವರೆಗೆ, ಡ್ರೈವರೋ ಪಂಪ್ ಆಪರೇಟರೋ ಒಳಗೆ ನುಗ್ಗುವವರೋ, ಇಷ್ಟನ್ನು ಇಸವಿವಾರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಲಾಗ್ ಬುಕ್ ನೋಡಲು ಅನುಮತಿ ಸಿಕ್ಕರೆ ಪ್ರತಿ ಸ್ಟೇಷನ್‌ನಿಂದ ಒಂದೆರಡು ವರ್ಷದ ಕಾಲ್ ಎಣಿಸಿ ಸರಾಸರಿ ಹಿಡಿಯಿರಿ. ಕಟ್ಟಡ, ವಾಹನ, ಕಸದ ರಾಶಿ, ಕಾಡು, ರಾಸಾಯನಿಕ ಗೋದಾಮು, ಇವೆಲ್ಲವನ್ನೂ "ಬೆಂಕಿ" ಅಂತ ಒಂದೇ ಲೆಕ್ಕಕ್ಕೆ ಹಾಕಬೇಡಿ. ತರಬೇತಿಗೆ ಹಚ್ಚಿದ ಬೆಂಕಿಯನ್ನು ಬಹಳ ಜನ ಮರೆಯುತ್ತಾರೆ. ತರಬೇತುದಾರರಿಗೆ ಹೊಗೆ ತಗಲುವುದು ಹೆಚ್ಚಾಗಿ ಅಲ್ಲೇ.

ಎಲ್ಲಕ್ಕಿಂತ ಹೆಚ್ಚು ತಪ್ಪು ಉತ್ತರ ಬರುವುದು ಬಿ.ಎ. ಸೆಟ್ (ಉಸಿರಾಡಲು ಹಾಕುವ ಗಾಳಿ ಸಿಲಿಂಡರ್ ಮತ್ತು ಮಾಸ್ಕ್) ಪ್ರಶ್ನೆಗೆ. "ಯಾವಾಗಲೂ ಹಾಕುತ್ತೇನೆ" ಅಂತ ಟಿಕ್ ಹಾಕಿಬಿಡುತ್ತಾರೆ. ಜ್ವಾಲೆ ಇದ್ದಾಗ ಹಾಕಿರುತ್ತಾರೆ ನಿಜ. ಆಮೇಲೆ ಹೊಗೆಯಾಡುವ ಅವಶೇಷ ಕೆದಕಿ ನೀರು ಹಾಕುವಾಗ ಮಾಸ್ಕ್ ಕುತ್ತಿಗೆಗೆ ಇಳಿದಿರುತ್ತದೆ. ಹಾಗಿದ್ದರೆ ಹಾಗೇ ಬರೆಯಿರಿ, ಇದು ಶಿಸ್ತು ಕ್ರಮದ ವಿಚಾರಣೆಯಲ್ಲ. ಮಾಸ್ಕ್ ಹಾಕದವರನ್ನು ಹಾಕಿದವರ ಪಟ್ಟಿಗೆ ಸೇರಿಸಿದರೆ ಮಾಸ್ಕ್‌ನಿಂದ ಲಾಭವೇ ಇಲ್ಲ ಎಂಬ ಫಲಿತಾಂಶ ಬಂದು ಕೂರುತ್ತದೆ. ಬೀಡಿ, ಸಿಗರೇಟು, ಕುಡಿತಕ್ಕೂ ಇದೇ ಮಾತು.

ಪ್ರಶ್ನೆ: ಬೆಂಕಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಮೂತ್ರ ಕೊಡಬೇಕಂತೆ. ಯಾಕೆ ಎರಡು? ಏನು ಎಚ್ಚರ ಬೇಕು?

ಉತ್ತರ (ಪ್ರಯೋಗಾಲಯ ತಂತ್ರಜ್ಞ): ಹೊಗೆ ಮತ್ತು ಮಸಿಯಲ್ಲಿ ಪಿ.ಎ.ಎಚ್. ಎಂಬ ಗುಂಪಿನ ರಾಸಾಯನಿಕಗಳಿರುತ್ತವೆ. ಮೈಗೆ ಸೇರಿದ ಮೇಲೆ ಅವು ಒಡೆದು ಮೂತ್ರದಲ್ಲಿ ಬರುತ್ತವೆ. ಸಾಮಾನ್ಯವಾಗಿ ಅಳೆಯುವುದು 1-ಹೈಡ್ರಾಕ್ಸಿಪೈರೀನ್. ಬಿ.ಎ. ಸೆಟ್ ಹಾಕಿದ್ದವರಲ್ಲೂ ಇದು ಏರುತ್ತದೆ, ಏಕೆಂದರೆ ಚರ್ಮವೂ ಹೀರುತ್ತದೆ, ಅದರಲ್ಲೂ ತೆಳುವಾದ ಹುಡ್ (ಬಟ್ಟೆಯ ತಲೆಗವಸು) ಮಾತ್ರ ಮುಚ್ಚಿರುವ ಕುತ್ತಿಗೆ. ಕೆಲಸ ಮುಗಿದ ಕೆಲವು ಗಂಟೆಗಳಲ್ಲಿ ಮಟ್ಟ ಏರಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೊದಲಿನ ಮಾದರಿ ನಿಮ್ಮ ಮಾಮೂಲಿ ಮಟ್ಟ, ಎರಡನೆಯದರಲ್ಲಿ ಅದಕ್ಕಿಂತ ಹೆಚ್ಚಿರುವುದು ಬೆಂಕಿಯ ಪಾಲು.

ಕೆಡುವುದು ಇಲ್ಲಿ: ಮಸಿ ಹತ್ತಿದ ಕೈಯಲ್ಲೇ ಡಬ್ಬಿ ಹಿಡಿಯುವುದು. ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಫೈರ್ ಸೂಟ್ ಕಳಚಿ ಬನ್ನಿ, ಮುಚ್ಚಳದ ಒಳಭಾಗ ಯಾವುದಕ್ಕೂ ತಾಗದಿರಲಿ. ಚೀಟಿಯಲ್ಲಿ ದಿನಾಂಕ ಮಾತ್ರ ಬರೆದರೆ ಸಾಲದು. ಬೆಂಕಿಯಿಂದ ಹೊರಬಂದದ್ದು 2.40, ಮೂತ್ರ ಕೊಟ್ಟದ್ದು 6.15 ಅಂತ ಗಂಟೆ ನಿಮಿಷ ಸಮೇತ ಬೇಕು. ಮಾದರಿ ಬೇಗ ಬರಲಿ ಅಂತ ಬಾಟಲಿಗಟ್ಟಲೆ ನೀರು ಕುಡಿಯಬೇಡಿ. ತೆಳುವಾದ ಮೂತ್ರವನ್ನು ಕ್ರಿಯಾಟಿನಿನ್ (ದೇಹ ಮೂತ್ರಕ್ಕೆ ಬಿಡುವ ಒಂದು ತ್ಯಾಜ್ಯ) ಲೆಕ್ಕದಿಂದ ಸರಿದೂಗಿಸುತ್ತೇವೆ, ಆದರೂ ಅದು ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಾದರಿ ತಿರಸ್ಕಾರವೇ. ಹಾಗಂತ ಬಾಯಾರಿಕೆ ತಡೆದುಕೊಂಡೂ ಕೂರಬೇಡಿ. ಸಿಗರೇಟು ಸೇದಿದ್ದರೆ, ಕೆಂಡದ ಮೇಲೆ ಸುಟ್ಟ ಮಾಂಸ ತಿಂದಿದ್ದರೆ ಬರೆದು ತಿಳಿಸಿ, ಅವುಗಳಿಂದಲೂ ಇದೇ ವಸ್ತು ಏರುತ್ತದೆ. ಡಬ್ಬಿ ಫ್ರಿಜ್‌ಗೆ ಹೋಗಲಿ, ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬೇಡ.

ಪ್ರಶ್ನೆ: ಒಪ್ಪಿಗೆ ಪತ್ರ ಎಂಟು ಪುಟ ಇದೆ. ಸಾಹೇಬರು ಎಲ್ಲರೂ ಸೈನ್ ಮಾಡಿ ಅಂದಿದ್ದಾರೆ. ಮುಖ್ಯವಾಗಿ ಏನು ನೋಡಬೇಕು?

ಉತ್ತರ (ವೈದ್ಯೆ): ಮೊದಲನೆಯದು, ಸಾಹೇಬರು ಹಾಗೆ ಹೇಳುವಂತಿಲ್ಲ. ಒಪ್ಪಿಗೆ ತೆಗೆದುಕೊಳ್ಳುವ ಕೋಣೆಯಲ್ಲಿ ಮೇಲಧಿಕಾರಿ ಇರಲೇಬಾರದು. ಅಂಥ ಒತ್ತಡವಿದ್ದರೆ ಪತ್ರದಲ್ಲಿರುವ ನೈತಿಕ ಸಮಿತಿಯ (ಅಧ್ಯಯನ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವವರ) ನಂಬರಿಗೆ ನೇರ ಫೋನ್ ಮಾಡಿ. ಆ ನಂಬರೇ ಇಲ್ಲದ ಪತ್ರಕ್ಕೆ ಸೈನ್ ಹಾಕಬೇಡಿ.

ಆಮೇಲೆ ಹೆಸರಿನ ವಿಷಯ. ಮಾದರಿಯ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಯಾರ ಬಳಿ ಇದೆ, ಇಲಾಖೆಗೆ ಸಿಗುತ್ತದೆಯೇ ಎಂದು ಕೇಳಿ. ಉಳಿದ ರಕ್ತವನ್ನು ಮುಂದೆ ಬೇರೆ ಸಂಶೋಧನೆಗೆ, ವಂಶವಾಹಿ ಪರೀಕ್ಷೆಗೆ ಬಳಸುತ್ತಾರೆಯೇ, ಅದಕ್ಕೆ ಬೇರೆಯಾಗಿ "ಬೇಡ" ಅನ್ನಲು ಅವಕಾಶ ಇದೆಯೇ ನೋಡಿ. ವಂಶವಾಹಿ ಮಾಹಿತಿಗೆ ಕಾನೂನಿನ ರಕ್ಷಣೆ ಇದ್ದಲ್ಲೂ ಕಿಂಡಿಗಳಿರುತ್ತವೆ. ಅಮೆರಿಕದ 2008ರ ಕಾಯ್ದೆ ಆರೋಗ್ಯ ವಿಮೆಯವರನ್ನೂ ಉದ್ಯೋಗದಾತರನ್ನೂ ಕಟ್ಟಿಹಾಕುತ್ತದೆ, ಜೀವ ವಿಮೆಯವರನ್ನು ಕಟ್ಟಿಹಾಕುವುದಿಲ್ಲ. ನಡುವೆ ಬಿಟ್ಟುಹೋಗಬಹುದು, ಕಾರಣ ಹೇಳಬೇಕಿಲ್ಲ. ಉಳಿದ ಮಾದರಿ ನಾಶ ಮಾಡಿ ಅನ್ನಬಹುದು. ಆದರೆ ಅಷ್ಟರಲ್ಲಿ ಲೆಕ್ಕಕ್ಕೆ ಸೇರಿದ ಅಂಕಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ರಕ್ತ ಕೊಟ್ಟಿದ್ದೇನೆ, ಏನಾದರೂ ಇದ್ದರೆ ಹೇಳುತ್ತಾರೆ ಅಂದುಕೊಳ್ಳುತ್ತಾರೆ. ಇದು ತಪಾಸಣೆಯಲ್ಲ. ನಿಮ್ಮ ಟ್ಯೂಬ್ ಹತ್ತು ವರ್ಷ ಫ್ರೀಜರ್‌ನಲ್ಲೇ ಇರಬಹುದು. ಮೂತ್ರದಲ್ಲಿ ರಕ್ತ, ಆಕಾರ ಬದಲಾಗುವ ಮಚ್ಚೆ, ವೃಷಣದಲ್ಲಿ ಗಂಟು ಕಂಡರೆ ಆ ವಾರವೇ ನಿಮ್ಮ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ನಮ್ಮ ಫೋಮ್‌ನಲ್ಲಿ ಇರುತ್ತಿದ್ದ, ಮೈಯಿಂದ ಬೇಗ ಹೋಗದ ಪಿಫಾಸ್ ರಾಸಾಯನಿಕಗಳು ರಕ್ತದಲ್ಲಿ ಎಷ್ಟಿವೆ ಎಂಬ ವರದಿ ಮಾತ್ರ ಕೊಡ್ತೀವಿ ಅಂದಿದ್ದಾರೆ. ರಕ್ತದಾನ ಮಾಡಿದರೆ ಅದು ಇಳಿಯುತ್ತೆ ಅಂತಾರಲ್ಲ, ನಿಜವೇ?

ಉತ್ತರ (ವೈದ್ಯೆ): ಇಳಿಯುವುದು ನಿಜ. ಆಸ್ಟ್ರೇಲಿಯಾದಲ್ಲಿ 285 ಅಗ್ನಿಶಾಮಕ ಸಿಬ್ಬಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. 12 ತಿಂಗಳ ಕಾಲ ಒಂದು ಗುಂಪು 6 ವಾರಕ್ಕೊಮ್ಮೆ ಪ್ಲಾಸ್ಮಾ (ರಕ್ತದ ದ್ರವ ಭಾಗ) ಕೊಟ್ಟಿತು, ಇನ್ನೊಂದು 12 ವಾರಕ್ಕೊಮ್ಮೆ ರಕ್ತ ಕೊಟ್ಟಿತು, ಮೂರನೆಯದು ಸುಮ್ಮನಿತ್ತು. ಪಿಫಾಸ್ ಬಳಗದ ಪಿ.ಎಫ್.ಒ.ಎಸ್. ಎಂಬ ವಸ್ತು ಪ್ಲಾಸ್ಮಾ ಗುಂಪಿನಲ್ಲಿ ಸರಾಸರಿ ಮಿಲಿಲೀಟರಿಗೆ 2.9 ನ್ಯಾನೋಗ್ರಾಂ, ರಕ್ತದ ಗುಂಪಿನಲ್ಲಿ 1.1 ನ್ಯಾನೋಗ್ರಾಂ ಇಳಿಯಿತು. ಸುಮ್ಮನಿದ್ದವರಲ್ಲಿ ಬದಲಾವಣೆ ಇಲ್ಲ. ಅದರಿಂದ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂಬುದನ್ನು ಆ ಪ್ರಯೋಗ ನೋಡಿಲ್ಲ. ಅಧ್ಯಯನಕ್ಕೆ ಸೇರಿ ರಕ್ತದಾನವನ್ನೂ ಮಾಡುತ್ತಿದ್ದರೆ ದಾನದ ದಿನಾಂಕಗಳನ್ನು ತಂಡಕ್ಕೆ ತಿಳಿಸಿ. ಇಲ್ಲದಿದ್ದರೆ ಫೋಮ್ ಬದಲಾಯಿಸಿದ್ದರಿಂದ ಇಳಿದಿದೆ ಅಂತ ಅವರು ಬರೆದುಕೊಂಡಾರು.

ಪ್ರಶ್ನೆ: ಅಪ್ಪ ಇದೇ ಕೆಲಸದಿಂದ ರಿಟೈರ್ ಆದವರು. ಅವರೂ ಸೇರಬಹುದಾ?

ಉತ್ತರ (ವೈದ್ಯೆ): ಕೆಲವು ಅಧ್ಯಯನಗಳು ಸೇವೆಯಲ್ಲಿರುವವರನ್ನು ಮಾತ್ರ ತೆಗೆದುಕೊಳ್ಳುತ್ತವೆ, ವಿಚಾರಿಸಿ. ಹೆಸರು ನೋಂದಾಯಿಸಿಕೊಂಡು ಮಾಹಿತಿ ಕಲೆಹಾಕುವ ನೋಂದಣಿಗಳು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ. ಅಮೆರಿಕದಲ್ಲಿ 2018ರ ಕಾಯ್ದೆಯಿಂದ ಹುಟ್ಟಿ 2023ರಲ್ಲಿ ಶುರುವಾದ ರಾಷ್ಟ್ರೀಯ ನೋಂದಣಿಯಲ್ಲಿ ನಿವೃತ್ತರಿಗೂ ಕಾಯಿಲೆ ಇಲ್ಲದವರಿಗೂ ಜಾಗವಿದೆ, ರಕ್ತ ಕೇಳುವುದಿಲ್ಲ. ಮೆಸೊಥೆಲಿಯೋಮ ಹಳೆಯ ಕಟ್ಟಡಗಳಲ್ಲಿರುವ ಆಸ್ಬೆಸ್ಟಾಸ್ ನಾರು ತಗಲಿದ 30–40 ವರ್ಷಕ್ಕೆ ತಲೆ ಎತ್ತುವುದರಿಂದ ನಿವೃತ್ತರ ಮಾಹಿತಿ ಇಲ್ಲದೆ ಚಿತ್ರ ಪೂರ್ತಿಯಾಗುವುದಿಲ್ಲ. ಫಾರಂನಲ್ಲಿ ಅವರ ನಂಬರಿನ ಜೊತೆ ನಿಮ್ಮದನ್ನೂ ಬರೆಯಿರಿ. ಮನೆ ಅಥವಾ ಸಿಮ್ ಬದಲಾದಾಗಲೇ ಅಧ್ಯಯನಗಳು ಹೆಚ್ಚು ಜನರನ್ನು ಕಳೆದುಕೊಳ್ಳುವುದು.