ಶಾಟ್ ಜಾಹೀರಾತು ತಪ್ಪು, ರಶ್ಮಿಕಾ ಜಾಹೀರಾತು ಸರಿನಾ? ಹುಡುಗರಿಗೆ ಏನು ಉತ್ತರ ಕೊಡಲಿ?

ದಾವಣಗೆರೆ_ಮೇಡಂ
ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ತರಗತಿಯಲ್ಲಿ ಜಾಹೀರಾತುಗಳ ಬಗ್ಗೆ ಚರ್ಚೆ ಇಟ್ಟಿದ್ದೆ. 2022ರ ಜೂನ್‌ನಲ್ಲಿ ಬಂದಿದ್ದ ಲೇಯರ್ ಶಾಟ್ ಡಿಯೋಡರೆಂಟ್ ಜಾಹೀರಾತು ನೆನಪಿದೆ ಅಲ್ವಾ? ಅಂಗಡಿಯಲ್ಲಿ ಹುಡುಗಿ ಒಬ್ಬಳೇ ನಿಂತಿದ್ದಾಳೆ, ಬೆನ್ನ ಹಿಂದೆ ನಾಲ್ಕು ಹುಡುಗರು. ನಾವು ನಾಲ್ವರು, ಇರೋದು ಒಂದೇ, ಶಾಟ್ ಯಾರು ಹೊಡೆಯೋದು ಅನ್ನೋ ಅರ್ಥದ ಹಿಂದಿ ಮಾತು ಕಿವಿಗೆ ಬೀಳುತ್ತದೆ. ಆಕೆ ಗಾಬರಿಯಿಂದ ತಿರುಗುತ್ತಾಳೆ. ಅವರು ಮಾತಾಡುತ್ತಿದ್ದದ್ದು ಶೆಲ್ಫಿನಲ್ಲಿ ಉಳಿದಿದ್ದ ಬಾಟಲಿ ಬಗ್ಗೆ ಅಂತ ಆಮೇಲೆ ತೋರಿಸುತ್ತಾರೆ.

ಇದು ತಪ್ಪು ಅಂತ ಎಲ್ಲರೂ ಒಪ್ಪಿದರು. ಆಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮೇಡಂ, 2021ರ ಅಮುಲ್ ಮಾಚೋ ಜಾಹೀರಾತಿನಲ್ಲಿ ರಶ್ಮಿಕಾ ಮಂದಣ್ಣ ಯೋಗ ಟೀಚರ್. ಕ್ಲಾಸಿನಲ್ಲಿ ಅವರು ವಿಕ್ಕಿ ಕೌಶಲ್ ಅವರ ಒಳಉಡುಪಿನ ಪಟ್ಟಿಯನ್ನೇ ನೋಡ್ತಾರೆ. ಟೀಚರ್ ಗಂಡಸಾಗಿದ್ದು ಹುಡುಗಿಯನ್ನ ಹಾಗೆ ನೋಡಿದ್ರೆ ನೀವೆಲ್ಲ ಸುಮ್ನಿರ್ತಿದ್ರಾ?"

ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಅವನು ತಮಾಷೆಗೆ ಕೇಳಿದ್ದಲ್ಲ. ಬಾಯಿ ಮುಚ್ಚಿಸೋದು ನನಗೆ ಇಷ್ಟವಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಗಿರೀಶ_ತುಮಕೂರು
ಹುಡುಗ ಕೇಳಿದ್ದು ಸರಿ ಇದೆ ಮೇಡಂ, ಮೊದಲು ಅದನ್ನ ಒಪ್ಪಿಕೊಳ್ಳಿ. ಯೋಗ ಕ್ಲಾಸಿನಲ್ಲಿ ಕಲಿಯೋಕೆ ಬಂದವನು ಕಲಿಸುವವರನ್ನ ನಂಬಿ ಬಂದಿರುತ್ತಾನೆ. ಅವನ ಮೈ ಮೇಲೆ ಅವನಿಗೆ ಗೊತ್ತಿಲ್ಲದೆ ಕಣ್ಣು ಹಾಕೋದು ಯಾರು ಮಾಡಿದರೂ ತಪ್ಪೇ. "ಗಂಡಸು ತಾನೇ, ಅವನಿಗೇನು, ಖುಷಿ ಪಡ್ತಾನೆ" ಅಂತ ಹೇಳ್ತಾರಲ್ಲ, ಆ ಮಾತಿನಿಂದ ಎಷ್ಟು ಹುಡುಗರು ತಮಗಾದ ಕಿರುಕುಳವನ್ನ ಯಾರಿಗೂ ಹೇಳದೆ ನುಂಗಿಕೊಂಡಿದ್ದಾರೆ ಅಂತ ನನಗೆ ಗೊತ್ತು, ಅದರಲ್ಲಿ ನನ್ನ ಆಪ್ತ ಗೆಳೆಯನೂ ಒಬ್ಬ. ಮಹಿಳೆಯರಿಗೆ ಒಂದು ನ್ಯಾಯ, ಗಂಡಸರಿಗೆ ಇನ್ನೊಂದು ಅಂತ ಮಕ್ಕಳಿಗೆ ಅನಿಸಿಬಿಟ್ಟರೆ ಮುಂದೆ ನೀವು ಹೇಳೋ ಯಾವ ಮಾತನ್ನೂ ಅವರು ಕೇಳಲ್ಲ.

ಸುಧಾ_ಎನ್
ಗಿರೀಶ್ ಸರ್, ಒಪ್ಪುತ್ತೇನೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಯೋಗದ ಜಾಹೀರಾತಿನಲ್ಲಿ ಯಾರಿಗೂ ಜೀವಭಯ ಇಲ್ಲ. ಶಾಟ್ ಜಾಹೀರಾತಿನಲ್ಲಿ ಆ ಹುಡುಗಿಯ ಭಯವನ್ನ ತೆಗೆದುಬಿಡಿ, ಏನು ಉಳಿಯುತ್ತೆ? ಏನೂ ಇಲ್ಲ. ನಮ್ಮ ಮೇಲೆ ಎಲ್ಲಿ ಅತ್ಯಾಚಾರ ಆಗುತ್ತೋ ಅನ್ನೋ ಹೆದರಿಕೆಯನ್ನೇ ನಗುವಿನ ಸರಕು ಮಾಡಿದ್ದಾರೆ. ಅದೇ ಶಾಟ್‌ನ ಇನ್ನೊಂದು ಜಾಹೀರಾತಿನಲ್ಲಂತೂ ಗಂಡು ಹೆಣ್ಣು ಇರುವ ಬೆಡ್‌ರೂಮಿಗೇ ಗೆಳೆಯರು ನುಗ್ಗಿ, ಈಗ ನಮ್ಮ ಸರದಿ ಅಂತಾರೆ. ಹೈದರಾಬಾದಿನ ಜುಬಿಲಿ ಹಿಲ್ಸ್ ಸಾಮೂಹಿಕ ಅತ್ಯಾಚಾರ ನಡೆದದ್ದು 2022ರ ಮೇ 28ಕ್ಕೆ, ಆ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ದಿನಗಳಲ್ಲೇ ಇದು ಕ್ರಿಕೆಟ್ ಮ್ಯಾಚಿನ ನಡುವೆ ಬಂತು. ಮನೆಮಂದಿಯೆಲ್ಲ ಕೂತು ನೋಡೋ ಹೊತ್ತು.

ಡಿಯೋ ಜಾಹೀರಾತುಗಳ ಹಳೇ ಚಾಳಿ ಗೊತ್ತಲ್ಲ. ಸೆಂಟ್ ಹೊಡ್ಕೊಂಡ್ರೆ ಹುಡುಗಿಯರು ತಾವಾಗೇ ಮೇಲೆ ಬೀಳ್ತಾರೆ ಅನ್ನೋ ಕಥೆ. 2011ರಲ್ಲೇ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅಂಥ ಹಲವು ಜಾಹೀರಾತುಗಳ ಮೇಲೆ ಗರಂ ಆಗಿತ್ತು. ಅವುಗಳಲ್ಲಿ ಕಡೇಪಕ್ಷ ಹೆಣ್ಣಿಗೆ ಇಷ್ಟ ಇದೆ ಅಂತ ತೋರಿಸುತ್ತಿದ್ದರು, ಸುಳ್ಳೇ ಇರಲಿ. 2022ಕ್ಕೆ ಬರುವಷ್ಟರಲ್ಲಿ ಆ ಇಷ್ಟವೂ ಬೇಡವಾಯ್ತು.

ಕಾಪಿರೈಟರ್_ಬೆಂಗಳೂರು
ಜಾಹೀರಾತು ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ, ಒಳಗಿನ ಮಾತು ಹೇಳುತ್ತೇನೆ. ಒಂದು ಸ್ಕ್ರಿಪ್ಟ್ ಟಿವಿಗೆ ಹೋಗುವ ಮೊದಲು ಎಷ್ಟು ಜನ ನೋಡುತ್ತಾರೆ ಗೊತ್ತಾ? ಬರೆದವರು, ಕ್ರಿಯೇಟಿವ್ ಹೆಡ್, ಕ್ಲೈಂಟು, ಡೈರೆಕ್ಟರು, ಎಡಿಟರು, ಕೊನೆಗೆ ಚಾನೆಲ್ಲಿನವರು. ಇಷ್ಟು ಜನರಲ್ಲಿ ಯಾರ ಮಾತೂ ಶಾಟ್ ಜಾಹೀರಾತನ್ನ ನಿಲ್ಲಿಸಲಿಲ್ಲ. ಬೇಕಾದ ಅನುಮತಿಗಳನ್ನೆಲ್ಲ ಪಡೆದೇ ಪ್ರಸಾರ ಮಾಡಿದ್ದು ಅಂತ ಆ ಕಂಪನಿ ಕ್ಷಮೆ ಕೇಳುವಾಗಲೂ ಹೇಳಿತ್ತು. ನನಗೆ ಸಿಟ್ಟು ಬರೋದು ಅಲ್ಲೇ.

ಇನ್ನೊಂದು ವಿಷಯ, ಇದನ್ನ ಮಕ್ಕಳಿಗೆ ಹೇಳಿ ಮೇಡಂ. ನಮ್ಮ ಕಾನೂನು ನೋಡೋದು ಅಶ್ಲೀಲತೆಯನ್ನ. 1986ರ ಕಾಯ್ದೆಯ ಹೆಸರೇ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಅಂತ. 2007ರಲ್ಲಿ ಇದೇ ಅಮುಲ್ ಮಾಚೋದ ಹಳೇ ಜಾಹೀರಾತಿನಲ್ಲಿ ಹೊಸದಾಗಿ ಮದುವೆಯಾದವಳು ಗಂಡನ ಒಳಉಡುಪನ್ನ ಮಜಾ ತಗೊಂಡು ಒಗೀತಾಳೆ, ಅದನ್ನ ಸಚಿವಾಲಯ ನಿಲ್ಲಿಸಿತು. ಅವಳ ಆಸೆ ಕಣ್ಣಿಗೆ ಚುಚ್ಚಿತು. ಶಾಟ್ ಜಾಹೀರಾತಿನ ಅಂಗಡಿಯಲ್ಲಿರೋ ಹುಡುಗಿ ಮೈತುಂಬ ಬಟ್ಟೆ ಹಾಕಿದ್ದಾಳೆ, ಹಳೇ ಅಳತೆಗೋಲಿನಲ್ಲಿ ಅಲ್ಲಿ ಅಸಭ್ಯ ಅನ್ನೋಕೆ ಏನೂ ಸಿಗಲ್ಲ. ಆ ವಿಡಿಯೋಗಳನ್ನ ತೆಗೀರಿ ಅಂತ ಜೂನ್ 4ರಂದು ಟ್ವಿಟರ್‌ಗೂ ಯೂಟ್ಯೂಬ್‌ಗೂ ಹೋದ ಸರ್ಕಾರದ ಪತ್ರ ಕೂಡ ಸಭ್ಯತೆ, ನೈತಿಕತೆ ಅಂತಲೇ ಮಾತಾಡಿತು. ಹೆದರಿಸಿದ್ದಾರೆ ಅಂತ ನೇರವಾಗಿ ಹೇಳಬೇಕಿತ್ತು. ಹಾಗಾಗಿ ಜಾಹೀರಾತು ನೋಡುವಾಗ ಎಷ್ಟು ಮೈ ಕಾಣ್ತಿದೆ ಅಂತ ಕೇಳಬೇಡಿ. ಯಾರು ಹೆದರಿದ್ದಾರೆ, ಬೇಡ ಅನ್ನೋಕೆ ಯಾರಿಗೆ ಜಾಗ ಇದೆ ಅಂತ ಕೇಳಿ. ಗಂಡಿಗೂ ಹೆಣ್ಣಿಗೂ ಅದೇ ಪ್ರಶ್ನೆ. ಯೋಗದ ಜಾಹೀರಾತೂ ಅದರಲ್ಲಿ ಪಾಸಾಗಲ್ಲ, ಆದರೆ ಅದರ ತಪ್ಪು ಎಷ್ಟು ದೊಡ್ಡದು, ಇದರದ್ದು ಎಷ್ಟು ಅಂತ ಮಕ್ಕಳಿಗೇ ಕಾಣುತ್ತದೆ.

ದಾವಣಗೆರೆ_ಮೇಡಂ
ತುಂಬಾ ಥ್ಯಾಂಕ್ಸ್. ಯಾರು ಹೆದರಿದ್ದಾರೆ ಅನ್ನೋ ಪ್ರಶ್ನೆಯನ್ನ ಹಾಗೇ ಬೋರ್ಡಿನ ಮೇಲೆ ಬರೆಯುತ್ತೇನೆ, ಎರಡೂ ಜಾಹೀರಾತುಗಳನ್ನ ಮಕ್ಕಳೇ ಅಳೆಯಲಿ. ಇಂಥದ್ದು ಕಂಡರೆ ಅವರೇ ದೂರು ಕೊಡಬಹುದಾ?

ಕಾಪಿರೈಟರ್_ಬೆಂಗಳೂರು
ಖಂಡಿತ ಕೊಡಬಹುದು. ಎಎಸ್‌ಸಿಐ (ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ) ಅಂತ 1985ರಿಂದ ಇರುವ ಸಂಸ್ಥೆ, ಜಾಹೀರಾತು ಉದ್ಯಮದವರೇ ಕಟ್ಟಿಕೊಂಡದ್ದು. ಅದರ ವೆಬ್‌ಸೈಟಿನಲ್ಲಿ ಅಥವಾ ವಾಟ್ಸಾಪ್‌ನಲ್ಲಿ ಯಾರು ಬೇಕಾದರೂ ದೂರು ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಶಾಟ್ ವಿಷಯದಲ್ಲಿ ತನಿಖೆ ಮುಗಿಯುವ ಮೊದಲೇ ಪ್ರಸಾರ ನಿಲ್ಲಿಸಿ ಅಂತ ಕಂಪನಿಗೆ ಹೇಳಿದ್ದು ಇವರೇ. ಕೇಬಲ್ ಟಿವಿ ನಿಯಮಗಳಲ್ಲಿ ಇವರ ಸಂಹಿತೆಯನ್ನ ಸೇರಿಸಿರುವುದರಿಂದ ಚಾನೆಲ್‌ಗಳು ಅದನ್ನ ಮೀರುವಂತಿಲ್ಲ. ದೂರಿನಲ್ಲಿ ಚಾನೆಲ್ ಅಥವಾ ಆಪ್ ಹೆಸರು, ತಾರೀಖು, ಹೊತ್ತು ಬರೀರಿ, ಸಾಧ್ಯವಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ತುಣುಕನ್ನೂ ಜೊತೆಗೆ ಹಾಕಿ. ಯಾವ ದೃಶ್ಯ, ಯಾವ ಮಾತು ಯಾಕೆ ತಪ್ಪು ಅಂತ ಎರಡು ಸಾಲು ಸಾಕು.