ಅಂಗಳದ ಅಡಿಕೆ, ಬೋರ್‌ವೆಲ್ಲಿನ ಕೇಬಲ್: ಕಳ್ಳತನ ತಡೆಯಲು ಪೊಲೀಸರ ಜೊತೆ ಸೇರಿ ನೀವು ಏನು ಮಾಡಿದಿರಿ?

ಕೇಳಿದವರು, ಚನ್ನಗಿರಿ ತಾಲ್ಲೂಕು:

ನಮ್ಮದು ಸುಮಾರು 120 ಮನೆಗಳ ಊರು. ಕಳೆದ ಎರಡು ತಿಂಗಳಲ್ಲಿ, ಬೇಯಿಸಿ ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ಎರಡು ಮನೆಗಳಲ್ಲಿ ಕಳುವಾಗಿದೆ. ನಾಲ್ಕು ತೋಟಗಳಲ್ಲಿ ಬೋರ್‌ವೆಲ್ ಕೇಬಲ್ ಕತ್ತರಿಸಿಕೊಂಡು ಹೋಗಿದ್ದಾರೆ. ಹುಡುಗರು ದೊಣ್ಣೆ ಹಿಡಿದು ರಾತ್ರಿ ಕಾಯುತ್ತೇವೆ ಎನ್ನುತ್ತಿದ್ದಾರೆ, ಹಿರಿಯರು ಠಾಣೆಗೆ ಅಲೆದು ಪ್ರಯೋಜನವಿಲ್ಲ ಎನ್ನುತ್ತಾರೆ. ಪೊಲೀಸರೊಂದಿಗೆ ಸೇರಿ ಇಂಥದ್ದನ್ನು ತಡೆದವರು ಯಾರಾದರೂ ಇದ್ದರೆ, ಯಾವುದು ಫಲ ಕೊಟ್ಟಿತು ಎಂದು ದಯವಿಟ್ಟು ತಿಳಿಸಿ.

ಹೊಸನಗರ ತಾಲ್ಲೂಕಿನ ಬೆಳೆಗಾರರೊಬ್ಬರು:

ನಿಮ್ಮ ಹಿರಿಯರು ಹೇಳುವ ಮಾತನ್ನೇ ನಮ್ಮೂರಿನಲ್ಲೂ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆವು. ನಾಲ್ಕು ವರ್ಷದ ಹಿಂದೆ ಒಂದೇ ಸುಗ್ಗಿಯಲ್ಲಿ 11 ಮನೆಗಳಿಗೆ ನಷ್ಟವಾದಾಗ, ರಾತ್ರಿ ಗಸ್ತು ಹಾಕಿಸಿ ಎಂದು ಕೇಳಲು ಎಲ್ಲರೂ ಒಟ್ಟಾಗಿ ಠಾಣೆಗೆ ಹೋದೆವು. ಸಬ್ ಇನ್‌ಸ್ಪೆಕ್ಟರ್ ದಾಖಲೆ ತೆಗೆದು ನೋಡಿದರೆ, ಅದರಲ್ಲಿ ನಮ್ಮೂರಿನ ಹೆಸರಿನಲ್ಲಿ ಇದ್ದದ್ದು ಎರಡೇ ಕಳವು. ಉಳಿದ ಒಂಬತ್ತು ಮನೆಯವರು ದೂರು ಕೊಟ್ಟಿರಲೇ ಇಲ್ಲ. ಇರುವ ಒಂದು ಜೀಪನ್ನು, ಕೈಬೆರಳೆಣಿಕೆಯ ಸಿಬ್ಬಂದಿಯನ್ನು ಎಲ್ಲಿಗೆ ಕಳುಹಿಸಬೇಕು ಎಂದು ಅವರು ನಿರ್ಧರಿಸುವುದು ಆ ದಾಖಲೆಯ ಮೇಲೆಯೇ ಆದ್ದರಿಂದ, ನಾವು ಬರೆದುಕೊಡದ ಕಳವು ಅವರ ಪಾಲಿಗೆ ನಡೆದೇ ಇರಲಿಲ್ಲ.

ಊರಿಗೆ ಮರಳಿ ಮನೆಮನೆಗೆ ಹೋಗಿ, ಏನು ಹೋಯಿತು, ಯಾವ ದಿನ, ಯಾವ ಹೊತ್ತಿನಲ್ಲಿ, ಮನೆಯಲ್ಲಿ ಯಾರಿದ್ದರು ಎಂದು ಒಂದೇ ಹಾಳೆಯ ಮೇಲೆ ಬರೆದೆವು. ಬರೆದು ಮುಗಿದಾಗ ನಮಗೇ ಆಶ್ಚರ್ಯವಾಯಿತು. ಕೇಬಲ್ ಕಳವುಗಳೆಲ್ಲ ಮೋಟಾರು ಓಡಿಸುವ ತ್ರೀಫೇಸ್ ಕರೆಂಟ್ ಇಲ್ಲದ ಹೊತ್ತಿನಲ್ಲಿ ನಡೆದಿದ್ದವು, ಏಕೆಂದರೆ ಆಗ ತಂತಿ ಕತ್ತರಿಸುವವನಿಗೆ ಶಾಕ್ ಹೊಡೆಯುವ ಭಯವೂ ಇಲ್ಲ, ಮೋಟಾರು ನೋಡಲು ತೋಟಕ್ಕೆ ಬರುವವರೂ ಇಲ್ಲ. ಅಡಿಕೆ ಹೋಗಿದ್ದು ಬಹುಪಾಲು ಮದುವೆ ಅಥವಾ ಜಾತ್ರೆಯ ದಿನ, ಮನೆಗೆ ಬೀಗ ಹಾಕಿದ್ದಾಗ. ಆ ಹಾಳೆಯನ್ನು ನಮ್ಮ ಬೀಟ್ ಪೊಲೀಸರ, ಅಂದರೆ ನಮ್ಮೂರಿನ ಹೊಣೆ ಹೊತ್ತ ಪೊಲೀಸರ ಕೈಗೆ ಕೊಟ್ಟೆವು. ಅವರು ಗಸ್ತಿನ ಹೊತ್ತನ್ನು ಕರೆಂಟ್ ಇಲ್ಲದ ಪಾಳಿಗೆ ಹೊಂದಿಸಿ ಬದಲಾಯಿಸಿದರು. ನಾವು ಮನೆ ಬಿಟ್ಟು ಹೋಗುವಾಗ ಅವರಿಗೂ ಪಕ್ಕದ ಮನೆಗೂ ತಿಳಿಸುವ ರೂಢಿ ಮಾಡಿಕೊಂಡೆವು. ಕಳವು ಪೂರ್ತಿ ನಿಂತಿತು ಎಂದು ಹೇಳಲಾರೆ, ಆದರೆ ಮುಂದಿನ ಸುಗ್ಗಿಯಲ್ಲಿ ಒಂದೇ ಮನೆಗೆ ನಷ್ಟವಾಯಿತು, ಅವರು ಮರುದಿನ ಬೆಳಿಗ್ಗೆಯೇ ದೂರು ಕೊಟ್ಟರು.

ದೂರು ಬರೆಯುವಾಗ ಬೆಲೆಯ ವಿಷಯದಲ್ಲಿ ಎಚ್ಚರವಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ, ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ನಮ್ಮವರಿಗೆ ಸಂಕೋಚ ಹೆಚ್ಚು. "ಸ್ವಲ್ಪ ಅಡಿಕೆ ಹೋಯಿತು" ಎಂದು ಬರೆದುಕೊಟ್ಟು ಬರುತ್ತಾರೆ. ಕ್ವಿಂಟಾಲಿಗೆ 40,000 ರೂಪಾಯಿ ಎಂದು ಹಿಡಿದರೂ ಹದಿಮೂರು ಕಿಲೋ ಒಣ ಅಡಿಕೆ ಆ ಮಿತಿಯನ್ನು ದಾಟುತ್ತದೆ. ತೂಕವನ್ನು, ಅಂದಿನ ಮಂಡಿ ದರವನ್ನು, ಕೇಬಲ್ ಆದರೆ ಎಷ್ಟು ಮೀಟರ್ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ, ಖರೀದಿಯ ರಸೀದಿಯನ್ನು ಎತ್ತಿಡಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣೆಯಲ್ಲಿ ದಾಖಲಿಸಿಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು.

ಶಿರಸಿ ಕಡೆಯ ಗೃಹಿಣಿ:

ನಮ್ಮದು ಒಂಟಿ ಮನೆ, ವಯಸ್ಸಾದ ಅತ್ತೆ ಮಾವ ಇಬ್ಬರೇ ಇರುವ ದಿನಗಳೂ ಉಂಟು. ಅದಕ್ಕಾಗಿ ತುರ್ತು ಕರೆಯ 112 ಸಂಖ್ಯೆಯನ್ನೂ ಬೀಟ್ ಪೊಲೀಸರ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ, ಅತ್ತೆಯವರಿಂದ ಒಮ್ಮೆ ಬೀಟ್ ಪೊಲೀಸರಿಗೆ ಫೋನ್ ಮಾಡಿಸಿ ಮಾತನಾಡಿಸಿಯೂ ಆಗಿದೆ. ಇನ್ನೊಂದು ಮಾತು. ಕಳವು ಮಾಲು ಸಿಕ್ಕಿದರೂ ಅದು ನಮ್ಮದೇ ಎಂದು ತೋರಿಸುವುದು ಕಷ್ಟ. ಅಡಿಕೆಗೆ ಹೆಸರು ಬರೆದಿರುವುದಿಲ್ಲವಲ್ಲ. ನಾವು ಪ್ರತಿ ಚೀಲದ ಒಳಮಗ್ಗುಲಿಗೂ ಬಣ್ಣದಲ್ಲಿ ಗುರುತು ಹಾಕುತ್ತೇವೆ, ಮೋಟಾರಿನ ಮೇಲಿರುವ ಕ್ರಮಸಂಖ್ಯೆಯ ಫೋಟೋ ತೆಗೆದಿಟ್ಟಿದ್ದೇವೆ. ವಶಪಡಿಸಿಕೊಂಡ ಮಾಲನ್ನು ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡಿಸಿಕೊಳ್ಳುವಾಗ ಈ ಗುರುತುಗಳೇ ಆಧಾರ. ಊರ ಸಭೆಗೆ ಪೊಲೀಸರನ್ನು ಕರೆದಾಗ ಹತ್ತಿರದ ಗುಜರಿ ಅಂಗಡಿಯವರನ್ನೂ ಹಸಿ ಅಡಿಕೆ ಕೊಳ್ಳುವ ವ್ಯಾಪಾರಿಗಳನ್ನೂ ಕರೆಯಿರಿ. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ ಎಂಬುದನ್ನು ಅವರ ಎದುರೇ ಅಧಿಕಾರಿಯ ಬಾಯಿಂದ ಹೇಳಿಸುವುದಕ್ಕೆ ಬೆಲೆಯಿದೆ. ತಾಮ್ರವನ್ನು ಕೊಳ್ಳುವವರಿಲ್ಲದಿದ್ದರೆ ಕೇಬಲ್ ಕತ್ತರಿಸಿ ಯಾರಿಗೂ ಲಾಭವಿಲ್ಲ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಕಲಬುರಗಿ ವಿಭಾಗ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ನಾನು ಹೇಳಬೇಕಾದದ್ದು ನಿಮ್ಮ ಹುಡುಗರ ದೊಣ್ಣೆಯ ಬಗ್ಗೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ನಿಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೀಟ್ ಪೊಲೀಸರು ಇರಲೇಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ. ಯಾರದೋ ಫೋಟೋ ಬಂದಾಗ ಅದನ್ನು ಮುಂದೆ ಕಳುಹಿಸುವ ಮೊದಲು ಖಚಿತಪಡಿಸಿಕೊಳ್ಳಲು ಒಬ್ಬರು ಅಲ್ಲಿರುತ್ತಾರೆ. ಕೊಯ್ಲಿಗೆಂದು ಹೊರಗಿನಿಂದ ಬಂದ ಕೂಲಿಕಾರರ ಮೇಲೆ ಮೊದಲ ಅನುಮಾನ ಹೋಗುವುದನ್ನು ನನ್ನ ಸೇವೆಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಆದರೆ ತೋಟದ ದಾರಿ, ನಾಯಿಯ ಸ್ವಭಾವ, ಬೀಗದ ಕೈ ಇಡುವ ಜಾಗ ಬಲ್ಲವನು ಬಹಳ ಸಲ ಹತ್ತಿರದವನೇ ಆಗಿರುತ್ತಿದ್ದ.

ಕಾವಲು ಬೇಡ ಎನ್ನುತ್ತಿಲ್ಲ. ಹಿಂದೆ ಊರಿಗೆ ತಳವಾರರಿದ್ದರು, ಆ ವ್ಯವಸ್ಥೆ ಹೋಯಿತು. ಈಗಲೂ 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಇದೆ, ಊರಿನವರೇ ಪೊಲೀಸರ ಮೇಲ್ವಿಚಾರಣೆಯಲ್ಲಿ ಕಾವಲು ಕಾಯಲು ಅದು ಅವಕಾಶ ಕೊಡುತ್ತದೆ. ಕಾಯುವವರ ಹೆಸರುಗಳನ್ನು ಠಾಣೆಗೆ ಮೊದಲೇ ಕೊಡಿ. ಕೈಯಲ್ಲಿ ಟಾರ್ಚ್ ಮತ್ತು ಸೀಟಿ ಸಾಕು. ವಾಹನ ಕಂಡರೆ ಸಂಖ್ಯೆ ಬರೆದುಕೊಳ್ಳಲಿ, ಅಡ್ಡಗಟ್ಟುವುದು ಬೇಡ. ಕಳ್ಳನನ್ನು ಕಣ್ಣೆದುರೇ ಹಿಡಿದರೆ ಜನಸಾಮಾನ್ಯರೂ ತಡೆದಿಡಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆದರೆ ಮರುದಿನ ಆರೋಪಿಗಳಾಗುವವರು ನಿಮ್ಮ ಮಕ್ಕಳೇ. ಬೇಲಿಗೆ ಕರೆಂಟ್ ಹಾಯಿಸುವ ಯೋಚನೆಯನ್ನಂತೂ ಯಾರೂ ಮಾಡಬೇಡಿ. ಅದಕ್ಕೆ ಸಿಕ್ಕಿ ಸತ್ತ ದನಗಾಹಿಯ ಪಂಚನಾಮೆಗೆ ನಾನು ಹೋಗಿ ನಿಂತಿದ್ದೇನೆ.

ಈಗ ನಿಮ್ಮಲ್ಲಿ ಆರು ಕಳವುಗಳಾಗಿವೆ. ಆ ಆರೂ ಮನೆಯವರಿಂದ ಈ ವಾರವೇ ಪ್ರತ್ಯೇಕ ದೂರು ಬರೆಸಿ. ಠಾಣೆಗೆ ಹೋಗಲಾಗದವರು ಇಂಟರ್ನೆಟ್ ಮೂಲಕ ಕಳುಹಿಸಿ, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರೂ ಆಗುತ್ತದೆ. ಆಮೇಲೆ, ಮುಂದಿನ ಕೊಯ್ಲು ಶುರುವಾಗುವ ಮೊದಲು, ಗ್ರಾಮ ಪಂಚಾಯ್ತಿಯ ಮೂಲಕ ಸಬ್ ಇನ್‌ಸ್ಪೆಕ್ಟರನ್ನು ಊರಿಗೆ ಕರೆಸಿ, ಆ ದೂರುಗಳ ಪಟ್ಟಿಯನ್ನು ಎದುರಿಗಿಟ್ಟು ಗಸ್ತಿನ ಹೊತ್ತನ್ನು ಕೇಳಿ.