"ಜ್ವರ ಬಿಟ್ಟಿದೆ ಅಂದವಳು ನಾನೇ" ಅಂತಾಳೆ. ಏನು ಹೇಳಲಿ?

ಕುಳಾಯಿಯ ಮಾವ:
ನಮ್ಮ ಅಕ್ಕನ ಮಗ ಕಳೆದ ಜುಲೈಯಲ್ಲಿ ಡೆಂಗ್ಯೂನಿಂದ ತೀರಿಕೊಂಡ. ಒಂಬತ್ತು ವರ್ಷ. ಈಗ ಚಿಂತೆ ಅಕ್ಕನ ಮಗಳದ್ದು. ಹದಿನಾರು ವರ್ಷ, ಫಸ್ಟ್ ಪಿಯುಸಿ.

ಅವತ್ತು ಮನೆಯಲ್ಲಿ ಮಕ್ಕಳಿಬ್ಬರೇ. ಸುಡುತ್ತಿದ್ದ ಜ್ವರ ಬೆಳಿಗ್ಗೆ ಇಳಿದಿತ್ತು. ಇವಳು ತಮ್ಮನ ಹಣೆ ಮುಟ್ಟಿ ನೋಡಿ, "ಅಮ್ಮ, ಜ್ವರ ಬಿಟ್ಟಿದೆ, ರಜೆ ಹಾಕ್ಬೇಡ" ಅಂತ ಫೋನ್ ಮಾಡಿದ್ದಾಳೆ. ಹೊಟ್ಟೆನೋವು ಅಂದವನಿಗೆ "ನಾಟಕ ಮಾಡ್ಬೇಡ, ನಾಳೆ ಶಾಲೆ ಉಂಟು" ಅಂತ ಬೈದಳಂತೆ. ಸಂಜೆಗೆ ಅವನ ಕೈಕಾಲು ತಣ್ಣಗಾಯಿತು. ಮಾರನೇ ದಿನ ಆಸ್ಪತ್ರೆಯಲ್ಲಿ ಹೋದ.

ಬೊಜ್ಜದ (ಉತ್ತರಕ್ರಿಯೆಯ) ದಿನವೂ ಅವಳು ಅಳಲಿಲ್ಲ. ಈಗ ಮಳೆ ನಿಂತ ಕೂಡಲೇ ಓಡಿಹೋಗಿ ಗೆರಟೆ (ತೆಂಗಿನ ಚಿಪ್ಪು), ಅಡಿಕೆ ಹಾಳೆ, ಹೂಕುಂಡದ ತಟ್ಟೆ ಎಲ್ಲ ನೀರು ನಿಂತು ಸೊಳ್ಳೆ ಆಗದ ಹಾಗೆ ಕವುಚಿ ಹಾಕುತ್ತಾಳೆ. ನಡುರಾತ್ರಿ ಆದರೂ ಸರಿ, ಪಕ್ಕದ ಮನೆ ಅಂಗಳವಾದರೂ ಸರಿ. ಕಂಪಾಸ್ ಬಾಕ್ಸಿನಲ್ಲಿ ಥರ್ಮಾಮೀಟರ್. "ನಿನ್ನ ತಪ್ಪಲ್ಲ ಮಗಾ" ಅಂದರೆ ಎದ್ದು ಹೋಗುತ್ತಾಳೆ. ಆಟಿ ತಿಂಗಳಲ್ಲಿ ಅವನಿಗೆ ಅಗೆಲು, ಅಂದರೆ ತೀರಿಕೊಂಡವರಿಗೆ ಎಡೆ, ಬಡಿಸುವುದು ಉಂಟು. ಅವಳನ್ನು ಸೇರಿಸಬೇಕೋ ಬೇಡವೋ?

ವಾರ್ಡ್ ನರ್ಸ್:
ಡೆಂಗ್ಯೂನಲ್ಲಿ ಮೋಸ ಇರೋದೇ ಅಲ್ಲಿ. ಅಪಾಯ ಬರುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳುತ್ತದೆ. ಜ್ವರ ಬಿಟ್ಟಿತು ಅಂತ ಡ್ಯೂಟಿಗೆ ಹೋದ ದೊಡ್ಡವರನ್ನೇ ಸ್ಟ್ರೆಚರ್ ಮೇಲೆ ನೋಡಿದ್ದೇನೆ. ಇದನ್ನು ಅವಳಿಗೆ ಡಾಕ್ಟರ್ ಬಾಯಿಂದ ಹೇಳಿಸಿ. ಮನೆಯವರು ಹೇಳಿದರೆ ಸಮಾಧಾನಕ್ಕೆ ಹೇಳ್ತಾರೆ ಅಂತಲೇ ಅನಿಸೋದು.

ಸುರತ್ಕಲ್ ಮೇಷ್ಟ್ರು:
ಹೊಟ್ಟೆನೋವೂ ಅಪಾಯದ ಗುರುತೇ ಅಲ್ವಾ? ಅದನ್ನು ಒಮ್ಮೆಲೇ ಕೇಳಿದರೆ ಆ ಹುಡುಗಿಯ ಗತಿ ಏನು ಮಾರಾಯ್ರೆ? ಮೊದಲು ಅವಳು ಹೇಳಲಿ, ಪೂರ್ತಿ. ಬೈದದ್ದನ್ನೂ. ನಡುವೆ ಬಾಯಿ ಹಾಕಬೇಡಿ. ಎದುರು ಕೂರಿಸಿ ಕೇಳಿದರೆ ಈ ವಯಸ್ಸಿನವರು ತುಟಿ ಬಿಚ್ಚುವುದಿಲ್ಲ. ಗೆರಟೆ ಕವುಚುವಾಗ ಟಾರ್ಚ್ ಹಿಡಿದು ಸುಮ್ನೆ ಜೊತೆಗೆ ಹೋಗಿ.

ಇನ್ನೊಂದು. "ಬದುಕೋದೇ ಬೇಡ ಅನ್ಸುತ್ತಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕಾಪು ದೊಡ್ಡಮ್ಮ:
ಅಗೆಲಿಗೆ ಏನೇನು ಮಾಡಬೇಕು ಅಂತ ಅವಳನ್ನೇ ಕೇಳಿ. ತಮ್ಮನಿಗೆ ಯಾವುದು ಇಷ್ಟ ಅಂತ ಅವಳಿಗಿಂತ ಜಾಸ್ತಿ ಯಾರಿಗೆ ಗೊತ್ತು? ಬರೋದಿಲ್ಲ ಅಂದರೆ ಒತ್ತಾಯ ಬೇಡ. "ಆ ಹೊತ್ತಿಗೇ ಕರ್ಕೊಂಡು ಹೋಗಿದ್ರೆ..." ಅಂತ ಯಾರಾದರೂ ಶುರು ಮಾಡಿದರೆ ಅವರನ್ನು ಅಂಗಳಕ್ಕೆ ಕಳಿಸುವ ಕೆಲಸ ಮಾವನದ್ದು. ಮತ್ತೆ ನಿಮ್ಮ ಅಕ್ಕ ಹೇಗಿದ್ದಾರೆ? ಆ ಫೋನ್ ಎತ್ತಿದವರು ಅವರು. ಮಗಳ ಜೊತೆ ಮಾತಾಡ್ತಾರಾ?

ಕುಳಾಯಿಯ ಮಾವ:
ಮಾತು ಕಮ್ಮಿ. ಊಟಕ್ಕೆ ಕರೆಯುವಷ್ಟು. 14416ಕ್ಕೆ ಅವಳೇ ಮಾಡಬೇಕಾ, ನಾನು ಮಾಡಿದರೂ ಆಗ್ತದಾ?

ಸುರತ್ಕಲ್ ಮೇಷ್ಟ್ರು:
ನೀವೂ ಮಾಡಬಹುದು. ಇವತ್ತೇ ಮಾಡಿ. ಅಕ್ಕನ ವಿಷಯವನ್ನೂ ಕೇಳಿ.